ಎರಡು ಡಯೋಡ್ ಸೇರಿಸಿದರೆ ಟ್ರಾನ್ಸಿಸ್ಟರ್ ಯಾಕೆ ಆಗುವುದಿಲ್ಲ?

ಕಳೆದ ಭಾನುವಾರ ಸಂಜೆ ನಮ್ಮೂರಿನ ವಾಚನಾಲಯದ ಹಾಲ್‌ನಲ್ಲಿ ಟ್ರಾನ್ಸಿಸ್ಟರ್ ಬಗ್ಗೆ, ಅಂದರೆ ಸಿಗ್ನಲ್ ದೊಡ್ಡದು ಮಾಡುವ, ಸ್ವಿಚ್ ಆಗಿಯೂ ಕೆಲಸ ಮಾಡುವ ಆ ಚಿಕ್ಕ ಸಾಮಾನಿನ ಬಗ್ಗೆ, ಒಂದು ಗಂಟೆ ಮಾತಾಡಿದೆ. ಪಿಯುಸಿ ಮಕ್ಕಳು, ಐಟಿಐ ಓದುತ್ತಿರುವವರು, ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ಇಬ್ಬರು ಹಿರಿಯರು ಬಂದಿದ್ದರು. ಬರಲಾಗದ ಕೆಲವರು ಬರೆದು ಕಳಿಸಿ ಅಂದರು. ಅದಕ್ಕೇ ಆಡಿದ ಮಾತನ್ನು ಹೆಚ್ಚುಕಮ್ಮಿ ಹಾಗೇ ಇಲ್ಲಿ ಇಟ್ಟಿದ್ದೇನೆ, ಅಲ್ಲಿ ಸಮಯ ಸಾಲದೆ ಬಿಟ್ಟ ಒಂದೆರಡು ವಿಷಯ ಸೇರಿಸಿದ್ದೇನೆ.

ಶುರು ಮಾಡುವಾಗ ಮೇಜಿನ ಮೇಲೆ ಎರಡು ವಸ್ತು ಇಟ್ಟೆ. ಒಂದು ಬಿ.ಸಿ. 547 ಟ್ರಾನ್ಸಿಸ್ಟರ್. ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ, ಹೆಸರುಕಾಳಿಗಿಂತ ತುಸು ದೊಡ್ಡದಾದ ಕಪ್ಪು ಪ್ಲಾಸ್ಟಿಕ್, ಅದಕ್ಕೆ ಮೂರು ಕಾಲು. ಇನ್ನೊಂದು ನಾನೇ ಬೆಸುಗೆ ಹಾಕಿದ್ದು. ಡಯೋಡ್ ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಕಾಲಿನ ಸಾಮಾನು. ಎರಡು 1ಎನ್ 4007 ಡಯೋಡ್ ತೆಗೆದುಕೊಂಡು, ಎರಡರ ಆನೋಡ್ ಕಾಲುಗಳನ್ನೂ (ಕರೆಂಟ್ ಒಳಗೆ ಹೋಗುವ ಕಾಲು) ಸೇರಿಸಿ, ಆ ಗಂಟಿಗೆ ಒಂದು ತಂತಿ. ಇದಕ್ಕೂ ಮೂರು ಕಾಲಾಯಿತು.

ಡಿಪ್ಲೊಮಾ ಮೊದಲ ವರ್ಷದಲ್ಲಿ ನಾನು ಇದನ್ನು ನಿಜವಾಗಿ ಮಾಡಿದ್ದೆ. ಟ್ರಾನ್ಸಿಸ್ಟರ್ ಅಂದರೆ ಬೆನ್ನಿಗೆ ಬೆನ್ನು ಕೊಟ್ಟು ಕೂತ ಎರಡು ಡಯೋಡ್ ಅಂತ ಪುಸ್ತಕದಲ್ಲಿ ಚಿತ್ರ ಇತ್ತು. ಹಾಗಾದರೆ ಮನೆಯಲ್ಲೇ ಮಾಡಬಹುದಲ್ಲ ಅಂದುಕೊಂಡೆ. ಮಾಡಿದೆ. ಮಲ್ಟಿಮೀಟರ್ ಹಿಡಿದರೆ ನಿಜವಾದ ಟ್ರಾನ್ಸಿಸ್ಟರ್ ಹೇಗೆ ತೋರಿಸುತ್ತದೋ ಹಾಗೇ ತೋರಿಸಿತು, ನಡುವಿನ ಕಾಲಿನಿಂದ ಎರಡೂ ಕಡೆಗೆ 0.6 ವೋಲ್ಟ್ ಆಸುಪಾಸು, ತಿರುಗಿಸಿ ಹಿಡಿದರೆ ಏನೂ ಇಲ್ಲ. ಆದರೆ ಸರ್ಕ್ಯೂಟ್‌ಗೆ ಹಾಕಿದರೆ ಎಲ್‌ಇಡಿ ಹತ್ತಲೇ ಇಲ್ಲ. ಮೇಷ್ಟ್ರನ್ನು ಕೇಳಿದೆ. ಹಾಗೆಲ್ಲ ಆಗೋದಿಲ್ಲ, ಪರೀಕ್ಷೆಗೆ ಓದಿಕೋ ಅಂದರು. ಯಾಕೆ ಆಗೋದಿಲ್ಲ ಅನ್ನುವುದಕ್ಕೆ ಸರಿಯಾದ ಉತ್ತರ ಸಿಕ್ಕಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಟ್ರಾನ್ಸಿಸ್ಟರ್‌ನ ಇಡೀ ಗುಟ್ಟು ಆ ಉತ್ತರದಲ್ಲಿದೆ, ಅದಕ್ಕೇ ಮಾತನ್ನು ಅಲ್ಲಿಂದಲೇ ಶುರು ಮಾಡಿದೆ.

ಸಿಲಿಕಾನ್ ಹರಳಿನಲ್ಲಿ ಪ್ರತಿ ಪರಮಾಣುವೂ ತನ್ನ ಹೊರಗಿನ ನಾಲ್ಕು ಎಲೆಕ್ಟ್ರಾನ್‌ಗಳನ್ನು ಅಕ್ಕಪಕ್ಕದ ನಾಲ್ವರ ಜೊತೆ ಹಂಚಿಕೊಂಡು ಕೂತಿರುತ್ತದೆ. ಓಡಾಡುವುದಕ್ಕೆ ಬಿಡುವಾಗಿ ಯಾರೂ ಇಲ್ಲ. ಅದರೊಳಗೆ ಅಲ್ಲೊಂದು ಇಲ್ಲೊಂದು ರಂಜಕದ ಪರಮಾಣು ಸೇರಿಸಿದರೆ, ಅದರ ಹತ್ತಿರ ಐದು ಇರುವುದರಿಂದ ಒಂದು ಎಲೆಕ್ಟ್ರಾನ್ ಜಾಸ್ತಿಯಾಗಿ ಬಿಡುವಾಗುತ್ತದೆ. ಇದು ಎನ್ ಬಗೆ. ಬೋರಾನ್ ಸೇರಿಸಿದರೆ ಮೂರೇ ಇರುವುದರಿಂದ ಒಂದು ಜಾಗ ಖಾಲಿ ಉಳಿಯುತ್ತದೆ. ಪಕ್ಕದ ಎಲೆಕ್ಟ್ರಾನ್ ಆ ಜಾಗಕ್ಕೆ ಬಂದರೆ ಅದರ ಜಾಗ ಖಾಲಿ, ಹೀಗೆ ಖಾಲಿ ಜಾಗವೇ ನಡೆದುಕೊಂಡು ಹೋದಂತೆ ಕಾಣುತ್ತದೆ. ಅದನ್ನೇ ಹೋಲ್ ಅನ್ನುತ್ತಾರೆ. ಇದು ಪಿ ಬಗೆ. ಎಲೆಕ್ಟ್ರಾನ್ ಮತ್ತು ಹೋಲ್ ಎರಡಕ್ಕೂ ಕೆಲಸ ಇರುವುದರಿಂದಲೇ ಬೈಪೋಲಾರ್ ಅನ್ನುವ ಹೆಸರು.

ಒಂದು ಪಿ, ಒಂದು ಎನ್ ಪದರ ಅಂಟಿಕೊಂಡಿದ್ದರೆ ಡಯೋಡ್. ಎನ್‌ಪಿಎನ್ ಟ್ರಾನ್ಸಿಸ್ಟರ್‌ನಲ್ಲಿ ಮೂರು ಪದರ. ಎನ್ ಬಗೆಯ ಎಮಿಟರ್, ಪಿ ಬಗೆಯ ಬೇಸ್, ಎನ್ ಬಗೆಯ ಕಲೆಕ್ಟರ್. ಪುಸ್ತಕದ ಚಿತ್ರದಲ್ಲಿ ಮೂರೂ ಒಂದೇ ಅಳತೆಯ ಡಬ್ಬಿಗಳ ಹಾಗೆ ಇರುತ್ತವೆ, ಆ ಚಿತ್ರವೇ ಅರ್ಧ ತಪ್ಪು ದಾರಿ ಹಿಡಿಸುತ್ತದೆ. ಎಮಿಟರ್‌ನಲ್ಲಿ ಬೆರಕೆ ಬಹಳ ಜಾಸ್ತಿ, ಸುಮಾರಾಗಿ ಕೆಲವು ಸಾವಿರ ಸಿಲಿಕಾನ್ ಪರಮಾಣುಗಳಿಗೆ ಒಂದು. ಬೇಸ್‌ನಲ್ಲಿ ಲಕ್ಷಗಟ್ಟಲೆಗೆ ಒಂದು. ಕಲೆಕ್ಟರ್‌ನಲ್ಲಿ ಕೋಟಿಗಟ್ಟಲೆಗೆ ಒಂದು. ಇನ್ನು ದಪ್ಪ. ಬೇಸ್ ಪದರ ಒಂದು ಮೈಕ್ರಾನ್ ಇರಬಹುದು, ಅದಕ್ಕಿಂತ ಕಮ್ಮಿಯೂ ಇರಬಹುದು. ನಮ್ಮ ತಲೆಕೂದಲು 50ರಿಂದ 100 ಮೈಕ್ರಾನ್ ದಪ್ಪ. ಕೂದಲನ್ನು ಉದ್ದಕ್ಕೆ ಐವತ್ತು ನೂರು ಸೀಳು ಮಾಡಿದರೆ ಒಂದು ಸೀಳು ಎಷ್ಟು ತೆಳ್ಳಗೆ ಇರುತ್ತದೋ ಅಷ್ಟೇ ಜಾಗದಲ್ಲಿ ಎಲ್ಲ ನಡೆಯುತ್ತದೆ.

ಸಾಮಾನ್ಯವಾಗಿ ಇದನ್ನು ನಲ್ಲಿಗೆ ಹೋಲಿಸುತ್ತಾರೆ. ಬೇಸ್ ಅಂದರೆ ನಲ್ಲಿಯ ತಿರುಪು, ಸ್ವಲ್ಪ ತಿರುಗಿಸಿದರೆ ಜಾಸ್ತಿ ನೀರು. ತಪ್ಪಲ್ಲ, ಆದರೆ ಎರಡು ಡಯೋಡ್ ಯಾಕೆ ಸಾಲದು ಅಂತ ಆ ನಲ್ಲಿ ಹೇಳುವುದಿಲ್ಲ. ನನಗೆ ಗದ್ದೆ ಹೆಚ್ಚು ಸರಿ ಕಾಣುತ್ತದೆ. ಮಲೆನಾಡಿನ ಮೆಟ್ಟಿಲು ಗದ್ದೆ ನೋಡಿದ್ದೀರಲ್ಲ. ಮೇಲೊಂದು ಗದ್ದೆ, ಅದರ ತುಂಬ ನೀರು. ಅದು ಎಮಿಟರ್. ಕೆಳಗೊಂದು ಗದ್ದೆ, ಅದು ಕಲೆಕ್ಟರ್. ನಡುವೆ ಮಣ್ಣಿನ ಬದು. ಅದು ಬೇಸ್. ಬದು ಎತ್ತರ ಇದ್ದರೆ ನೀರು ಆಚೆ ಹೋಗುವುದಿಲ್ಲ. ಬೇಸ್‌ಗೆ ಎಮಿಟರ್‌ಗಿಂತ ಜಾಸ್ತಿ ವೋಲ್ಟೇಜ್ ಕೊಡುವುದು ಅಂದರೆ ಬದುವನ್ನು ಸ್ವಲ್ಪ ತಗ್ಗಿಸಿದ ಹಾಗೆ. ನೀರು ಬದು ದಾಟಿ ಅಂಚಿಗೆ ಬಂದ ತಕ್ಷಣ ಕೆಳಗಿನ ಗದ್ದೆಗೆ ದುಮುಕುತ್ತದೆ. ಕೆಳಗಿನ ಗದ್ದೆ ಎರಡಡಿ ಕೆಳಗಿರಲಿ, ಹತ್ತಡಿ ಕೆಳಗಿರಲಿ, ಬದು ದಾಟುವ ನೀರು ಅಷ್ಟೇ. ಟ್ರಾನ್ಸಿಸ್ಟರ್‌ನಲ್ಲೂ ಹೀಗೇ, ಕಲೆಕ್ಟರ್ ವೋಲ್ಟೇಜ್ 3 ಇದ್ದರೂ 10 ಇದ್ದರೂ ಕರೆಂಟ್ ಹೆಚ್ಚುಕಮ್ಮಿ ಒಂದೇ.

ಈಗ ಬದುವಿನ ಮಣ್ಣು. ದಾಟುವ ನೀರಿನಲ್ಲಿ ಒಂದಿಷ್ಟನ್ನು ಮಣ್ಣು ಕುಡಿಯುತ್ತದೆ. ಬದು ಒಂದು ಗೇಣು ಅಗಲ ಇದ್ದರೆ ಕುಡಿಯುವುದು ಬಹಳ ಕಮ್ಮಿ, ನೀರೆಲ್ಲ ಆಚೆ ಬೀಳುತ್ತದೆ. ಅದೇ ಬದುವಿನ ಜಾಗದಲ್ಲಿ ಒಂದು ಫರ್ಲಾಂಗ್ ಒಣಭೂಮಿ ಇದ್ದರೆ? ಒಂದು ಹನಿಯೂ ಆಚೆ ತಲುಪುವುದಿಲ್ಲ, ದಾರಿಯಲ್ಲೇ ಇಂಗಿಹೋಗುತ್ತದೆ. ನನ್ನ ಎರಡು ಡಯೋಡ್‌ನ ಕಥೆ ಇದೇ. ಒಂದು ಡಯೋಡ್‌ನ ಪಿ ಭಾಗಕ್ಕೂ ಇನ್ನೊಂದರ ಪಿ ಭಾಗಕ್ಕೂ ನಡುವೆ ಲೋಹದ ತಂತಿ ಇದೆ. ಎಮಿಟರ್‌ನಿಂದ ಹೊರಟ ಎಲೆಕ್ಟ್ರಾನ್ ಅಲ್ಲಿಗೆ ಬರುವ ಹೊತ್ತಿಗೆ ಹೋಲ್ ಜೊತೆ ಸೇರಿ ಮುಗಿದಿರುತ್ತದೆ, ಎರಡನೇ ಡಯೋಡ್‌ಗೆ ಅದರ ಸುದ್ದಿಯೇ ಗೊತ್ತಾಗುವುದಿಲ್ಲ. ಬಿ.ಸಿ. 547ರಲ್ಲಿ ಬೇಸ್ ಅಷ್ಟು ತೆಳ್ಳಗಿರುವುದರಿಂದ, ಬೇಸ್‌ಗೆ ಅಂತ ಹೊರಟ ಎಲೆಕ್ಟ್ರಾನ್ ಹೋಲ್ ಸಿಗುವ ಮೊದಲೇ ಆಚೆ ಅಂಚು ತಲುಪಿ ಕಲೆಕ್ಟರ್‌ಗೆ ಬಿದ್ದಿರುತ್ತದೆ.

ಹಾಗಾದರೆ ಬೇಸ್ ಕರೆಂಟ್ ಅಂದರೆ ಏನು? ಮಣ್ಣು ಕುಡಿದ ನೀರಿನ ಲೆಕ್ಕ. ಬೇಸ್‌ನಲ್ಲಿ ಖರ್ಚಾದ ಹೋಲ್‌ಗಳನ್ನು ಹೊರಗಿನಿಂದ ತುಂಬಿಕೊಡಬೇಕು. ಜೊತೆಗೆ ಕೆಲವು ಹೋಲ್‌ಗಳು ಬೇಸ್‌ನಿಂದ ಎಮಿಟರ್ ಕಡೆಗೆ ನುಗ್ಗುತ್ತವೆ, ಈಗಿನ ಟ್ರಾನ್ಸಿಸ್ಟರ್‌ಗಳಲ್ಲಿ ಈ ಪಾಲೇ ದೊಡ್ಡದು. ಎಮಿಟರ್‌ನಲ್ಲಿ ಬೆರಕೆ ಅಷ್ಟು ಜಾಸ್ತಿ ಇಡುವುದು ಇದಕ್ಕೇ, ಆ ಕಡೆ ನುಗ್ಗುವ ಒಂದು ಹೋಲ್‌ಗೆ ಈ ಕಡೆ ಬರುವ ಎಲೆಕ್ಟ್ರಾನ್‌ಗಳು ನೂರಾರು ಇರಲಿ ಅಂತ. ಗೇನ್ 300 ಅಂದರೆ ಮುನ್ನೂರು ಎಲೆಕ್ಟ್ರಾನ್ ಕಲೆಕ್ಟರ್ ತಲುಪುವ ಹೊತ್ತಿಗೆ ಒಂದರಷ್ಟು ನಷ್ಟ. ಬೇಸ್ ಕರೆಂಟನ್ನು ಟ್ರಾನ್ಸಿಸ್ಟರ್ ದೊಡ್ಡದು ಮಾಡಿ ಕೊಡುತ್ತದೆ ಅಂತ ಓದಿದ್ದೆವಲ್ಲ, ನಾನು ಅದನ್ನು ಬಿಟ್ಟುಬಿಟ್ಟೆ. ಬೇಸ್ ಕರೆಂಟ್ ಒಂದು ನಷ್ಟ. ಆ ನಷ್ಟ ಯಾವಾಗಲೂ ಒಂದು ಅಳತೆಯಲ್ಲಿ ಇರುವುದರಿಂದ ಲೆಕ್ಕಕ್ಕೆ ಅನುಕೂಲ, ಅಷ್ಟೇ.

ಗದ್ದೆಯ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಗದ್ದೆಯ ನೀರು ಸಮತಟ್ಟಾಗಿ ನಿಂತಿರುತ್ತದೆ. ಎಲೆಕ್ಟ್ರಾನ್‌ಗಳು ಹಾಗೆ ನಿಲ್ಲುವುದಿಲ್ಲ, ಶಾಖದಿಂದ ಸದಾ ಕುಣಿಯುತ್ತಿರುತ್ತವೆ, ಕೆಲವು ಸ್ವಲ್ಪ ಎತ್ತರ ಹಾರುತ್ತವೆ, ಬಹಳ ಕೆಲವು ಬಹಳ ಎತ್ತರ. ಅದಕ್ಕೇ ಬದು ತುಸು ತಗ್ಗಿದರೆ ದಾಟುವವರ ಸಂಖ್ಯೆ ಒಮ್ಮೆಲೇ ಏರುತ್ತದೆ. ಎಷ್ಟು? ಬೇಸ್ ವೋಲ್ಟೇಜ್ ಬರೀ 60 ಮಿಲಿವೋಲ್ಟ್ ಏರಿದರೆ ಕಲೆಕ್ಟರ್ ಕರೆಂಟ್ ಹತ್ತು ಪಟ್ಟು. ಇನ್ನೊಂದು 60 ಏರಿದರೆ ನೂರು ಪಟ್ಟು. ಬೇಸ್ ಎಮಿಟರ್ ನಡುವೆ 0.7 ವೋಲ್ಟ್ ಅಂತ ಎಲ್ಲ ಲೆಕ್ಕದಲ್ಲೂ ಕಣ್ಣುಮುಚ್ಚಿ ಬರೆಯುತ್ತೇವಲ್ಲ, ಅದಕ್ಕೆ ಕಾರಣ ಇದೇ. ಕರೆಂಟ್ ಎಷ್ಟೇ ಬದಲಾದರೂ ಆ ವೋಲ್ಟೇಜ್ 0.6, 0.7ರ ಸುತ್ತಲೇ ಇರುತ್ತದೆ.

ಇದನ್ನು ಕಂಡುಹಿಡಿದವರಿಗೂ ಈ ತೆಳುಪದರದ ವಿಷಯ ಮೊದಲೇ ಹೊಳೆದಿರಲಿಲ್ಲ. 1947ರ ಡಿಸೆಂಬರ್ 16ರಂದು ಅಮೆರಿಕದ ನ್ಯೂ ಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೈನ್ ಮಾಡಿದ ಮೊದಲ ಟ್ರಾನ್ಸಿಸ್ಟರ್‌ನಲ್ಲಿ ಪದರಗಳೇ ಇರಲಿಲ್ಲ. ಪ್ಲಾಸ್ಟಿಕ್‌ನ ಒಂದು ತ್ರಿಕೋನ, ಅದರ ಅಂಚಿಗೆ ಚಿನ್ನದ ತೆಳು ಹಾಳೆ. ಬ್ರಾಟೈನ್ ತ್ರಿಕೋನದ ತುದಿಯಲ್ಲಿ ಆ ಹಾಳೆಯನ್ನು ಬ್ಲೇಡಿನಿಂದ ಸೀಳಿದರು, ಒಂದೇ ಹಾಳೆ ಎರಡು ತುದಿಗಳಾಯಿತು, ನಡುವೆ ಸುಮಾರು 50 ಮೈಕ್ರಾನ್ ಸಂದು. ಅದನ್ನು ಸ್ಪ್ರಿಂಗ್‌ನಿಂದ ಜರ್ಮೇನಿಯಂ ತುಂಡಿನ ಮೇಲೆ ಒತ್ತಿ ಹಿಡಿದರು. ಸಿಗ್ನಲ್ ದೊಡ್ಡದಾಗಿ ಬಂತು. ಡಿಸೆಂಬರ್ 23ರಂದು ಲ್ಯಾಬ್‌ನ ಹಿರಿಯರಿಗೆ ಮಾತು ಕೇಳಿಸಿ ತೋರಿಸಿದರು.

ಕರೆಂಟ್ ಹರಳಿನ ಮೇಲ್ಮೈಯಲ್ಲೇ ಹರಿಯುತ್ತಿದೆ ಅಂತ ಅವರು ಅಂದುಕೊಂಡಿದ್ದರು. ಅದೇ ತಂಡದ ವಿಲಿಯಂ ಶಾಕ್ಲಿ ಮಾತ್ರ, ತನ್ನ ಕೈ ಇಲ್ಲದೇ ಇಷ್ಟು ದೊಡ್ಡ ಕೆಲಸ ಆಗಿಹೋಯಿತಲ್ಲ ಅನ್ನುವ ಸಂಕಟದಲ್ಲಿ, ಮುಂದಿನ ಕೆಲವು ವಾರ ಒಬ್ಬರೇ ಕೂತು ಯೋಚಿಸಿದರು. 1948ರ ಜನವರಿಯಲ್ಲಿ ಮೂರು ಪದರಗಳ ಟ್ರಾನ್ಸಿಸ್ಟರ್ ಅವರ ನೋಟ್‌ಬುಕ್‌ನಲ್ಲಿ ಬಂತು. ಅದು ಕೆಲಸ ಮಾಡಬೇಕಾದರೆ ಹರಳಿನ ಒಡಲಿನ ಮೂಲಕವೇ ಕರೆಂಟ್ ದಾಟಬೇಕು. ದಾಟುತ್ತದಾ? ಫೆಬ್ರವರಿಯಲ್ಲಿ ಜಾನ್ ಶೈವ್ ಅನ್ನುವ ಇನ್ನೊಬ್ಬರು ತೆಳ್ಳಗಿನ ಜರ್ಮೇನಿಯಂ ತುಂಡಿನ ಮುಂದೊಂದು, ಹಿಂದೊಂದು ಮೊನೆ ಇಟ್ಟು ನೋಡಿದರು. ಕೆಲಸ ಮಾಡಿತು. ಎದುರುಬದುರು ಮುಖಗಳ ನಡುವೆ ದಾಟಿದ್ದು ಒಡಲಿನ ಮೂಲಕವೇ. ನನಗೆ ಈ ಇಡೀ ಇತಿಹಾಸದಲ್ಲಿ ಬಹಳ ಇಷ್ಟವಾಗುವುದು ಶೈವ್ ಅವರ ಈ ಸರಳ ಪ್ರಯೋಗ, ಆದರೆ ಅವರ ಹೆಸರು ಹೇಳುವವರು ಕಮ್ಮಿ.

1950ರಲ್ಲಿ ಮಾರ್ಗನ್ ಸ್ಪಾರ್ಕ್ಸ್ ಮತ್ತು ಗಾರ್ಡನ್ ಟೀಲ್ ಕರಗಿದ ಜರ್ಮೇನಿಯಂನಿಂದ ಹರಳನ್ನು ನಿಧಾನವಾಗಿ ಮೇಲೆಳೆಯುತ್ತ, ನಡುವೆ ಬೆರಕೆ ಬದಲಿಸುತ್ತ, ಮೂರು ಪದರ ಬೆಳೆಸಿದರು. 1956ರಲ್ಲಿ ಬಾರ್ಡೀನ್, ಬ್ರಾಟೈನ್, ಶಾಕ್ಲಿ ಮೂವರಿಗೂ ನೊಬೆಲ್ ಬಂತು. ಜರ್ಮೇನಿಯಂ ಬಿಸಿಗೆ ತಡೆಯುವುದಿಲ್ಲ. ಟೀಲ್ 1954ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಿಂದ ಸಿಲಿಕಾನ್ ಟ್ರಾನ್ಸಿಸ್ಟರ್ ತಂದರು. ಜೀನ್ ಹೋರ್ನಿ 1959ರಲ್ಲಿ ಫೇರ್‌ಚೈಲ್ಡ್ ಕಂಪನಿಯಲ್ಲಿ ತಂದ ಪ್ಲೇನಾರ್ ವಿಧಾನದಲ್ಲೇ ಇವತ್ತಿನ ಬಿ.ಸಿ. 547 ಕೂಡ ಆಗುವುದು. ಸಿಲಿಕಾನ್ ಬಿಲ್ಲೆಯ ಮೇಲ್ಗಡೆಯಿಂದ ಮೊದಲು ಬೋರಾನ್ ಇಳಿಸುತ್ತಾರೆ, ಆಮೇಲೆ ಅದೇ ಜಾಗದಲ್ಲಿ ಅದಕ್ಕಿಂತ ಸ್ವಲ್ಪ ಕಮ್ಮಿ ಆಳಕ್ಕೆ ರಂಜಕ ಇಳಿಸುತ್ತಾರೆ. ಎರಡರ ಆಳದಲ್ಲಿ ಉಳಿದ ವ್ಯತ್ಯಾಸವೇ ಬೇಸ್. ಒಂದು ಮೈಕ್ರಾನ್ ಪದರವನ್ನು ಯಾರೂ ಕತ್ತರಿಸುವುದಿಲ್ಲ, ಒಲೆಯ ಶಾಖ ಮತ್ತು ಸಮಯ ನೋಡಿಕೊಂಡರೆ ಅದು ತಾನಾಗಿ ಉಳಿಯುತ್ತದೆ. ಎಂಥ ಚೆಂದದ ಉಪಾಯ!

ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್‌ನಲ್ಲಿ 1960ರ ದಶಕದ ಮೊದಲ ವರ್ಷಗಳಲ್ಲೇ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿ ಶುರುವಾಗಿತ್ತು ಅಂದಾಗ ಆ ಇಬ್ಬರು ಹಿರಿಯರ ಮುಖ ಅರಳಿತು. ಎ.ಸಿ. 127, ಎ.ಸಿ. 128 ಜೋಡಿ ಅಂದರು ಒಬ್ಬರು, ರೇಡಿಯೋದ ಔಟ್‌ಪುಟ್‌ನಲ್ಲಿ ಕೂರುತ್ತಿದ್ದ ಜೋಡಿ ಅದು, ಒಂದು ಎನ್‌ಪಿಎನ್, ಇನ್ನೊಂದು ಪಿಎನ್‌ಪಿ. ಪಿಎನ್‌ಪಿಯಲ್ಲಿ ಎಲ್ಲ ಉಲ್ಟಾ. ಎಲೆಕ್ಟ್ರಾನ್ ಜಾಗದಲ್ಲಿ ಹೋಲ್ ಓಡುತ್ತದೆ, ಪ್ಲಸ್ ಇದ್ದಲ್ಲಿ ಮೈನಸ್. ನಮ್ಮ ಊರುಗಳಲ್ಲಿ ರೇಡಿಯೋಗೇ ಟ್ರಾನ್ಸಿಸ್ಟರ್ ಅಂತ ಹೆಸರು ಬಿತ್ತಲ್ಲ, ಒಳಗಿನ ಈ ಚಿಕ್ಕ ತುಂಡಿನ ಹೆಸರು ಇಡೀ ಪೆಟ್ಟಿಗೆಗೆ ಬಂದುಬಿಟ್ಟಿತು.

ಇನ್ನು ಬಳಕೆ. ನಮ್ಮ ಮನೆಯ ನೀರಿನ ಟ್ಯಾಂಕನ್ನೇ ತೆಗೆದುಕೊಂಡೆ. ಟ್ಯಾಂಕ್ ತುಂಬಿದಾಗ ಮೋಟರ್ ತಾನಾಗಿ ನಿಲ್ಲಬೇಕು. 12 ವೋಲ್ಟ್ ರಿಲೇ (ಕಾಯಿಲ್‌ಗೆ ಕರೆಂಟ್ ಕೊಟ್ಟರೆ ಮೋಟರ್‌ನ ಸ್ವಿಚ್ ಎಳೆಯುವ ಸಾಮಾನು), ಅದರ ಕಾಯಿಲ್ 400 ಓಮ್, ಅಂದರೆ 30 ಮಿಲಿಆಂಪ್ ಬೇಕು. ಚಿಕ್ಕ 5 ವೋಲ್ಟ್ ಬೋರ್ಡ್‌ನಿಂದ ಇದನ್ನು ನೇರ ಓಡಿಸುವ ಹಾಗಿಲ್ಲ, ನಡುವೆ ಬಿ.ಸಿ. 547 ಬೇಕು. ಗೇನ್ 300 ಅಂತ ನಂಬಿ ಬೇಸ್‌ಗೆ 0.1 ಮಿಲಿಆಂಪ್ ಕೊಟ್ಟರೆ ಸಾಕಲ್ವಾ ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಉತ್ತರ ತಯಾರಕರು ಕೊಡುವ ಡೇಟಾಶೀಟ್‌ನಲ್ಲೇ ಇದೆ. ಬಿ.ಸಿ. 547 ಎ ಅಂದರೆ ಗೇನ್ 110ರಿಂದ 220, ಬಿ ಅಂದರೆ 200ರಿಂದ 450, ಸಿ ಅಂದರೆ 420ರಿಂದ 800. ಒಂದೇ ಹೆಸರಿನ ಸಾಮಾನಿನಲ್ಲಿ 110ರಿಂದ 800! ಗೇನ್ ನಂಬಿ ಸರ್ಕ್ಯೂಟ್ ಮಾಡಬಾರದು. ಜೊತೆಗೆ ಸ್ವಿಚ್ ಮಾಡುವಾಗ ಕೆಳಗಿನ ಗದ್ದೆ ಬದುವಿನ ಮಟ್ಟಕ್ಕೆ ತುಂಬಿಬಿಡಬೇಕು, ಕಲೆಕ್ಟರ್ ವೋಲ್ಟೇಜ್ 0.2ಕ್ಕೆ ಇಳಿದುಬಿಡಬೇಕು. ಅದಕ್ಕೆ ಹತ್ತರಲ್ಲಿ ಒಂದು ಪಾಲು ಅಂತ ಧಾರಾಳವಾಗಿ ಬೇಸ್‌ಗೆ 3 ಮಿಲಿಆಂಪ್ ಕೊಡುತ್ತೇವೆ. 5ರಲ್ಲಿ 0.7 ಕಳೆದರೆ 4.3, ಅದನ್ನು 3 ಮಿಲಿಆಂಪ್‌ನಿಂದ ಭಾಗಿಸಿದರೆ 1.4 ಕಿಲೋಓಮ್, ಅಂಗಡಿಯಲ್ಲಿ ಸಿಗುವ 1.2 ಕಿಲೋಓಮ್ ರೆಸಿಸ್ಟರ್ ಬೇಸ್‌ಗೆ ಹಾಕಿ.

ಪೂರ್ತಿ ತೆರೆದಾಗ ಟ್ರಾನ್ಸಿಸ್ಟರ್‌ನಲ್ಲಿ ಉರಿಯುವುದು 0.2 ಗುಣಿಸು 30, ಬರೀ 6 ಮಿಲಿವಾಟ್. ಅರ್ಧ ತೆರೆದರೆ 6 ವೋಲ್ಟ್ ಗುಣಿಸು 15 ಮಿಲಿಆಂಪ್, 90 ಮಿಲಿವಾಟ್. ಅರೆಬರೆ ತೆರೆದಿದ್ದರೇ ಬಿಸಿ ಜಾಸ್ತಿ, ಇದು ಬಹಳ ಜನಕ್ಕೆ ಆಶ್ಚರ್ಯ ಅನಿಸಿತು.

ಇಲ್ಲಿ ಒಂದು ನಷ್ಟದ ಅನುಭವ ಹೇಳಬೇಕು. ಮೊದಲ ಸಲ ನಾನು ಮನೆಗೆ ಇದನ್ನು ಮಾಡಿದಾಗ ಮೂರು ದಿನದಲ್ಲಿ ಮೂರು ಟ್ರಾನ್ಸಿಸ್ಟರ್ ಸತ್ತವು. ಆನ್ ಆಗುವಾಗ ಸರಿ, ಆಫ್ ಆದ ಮೇಲೆ ಸತ್ತಿರುತ್ತಿತ್ತು. ಕಾಯಿಲ್‌ನಲ್ಲಿ ಓಡುತ್ತಿರುವ ಕರೆಂಟನ್ನು ದಿಢೀರ್ ಅಂತ ನಿಲ್ಲಿಸಿದರೆ ಅದು ನಿಲ್ಲುವುದಿಲ್ಲ, ದಾರಿ ಹುಡುಕುತ್ತದೆ, ಕಲೆಕ್ಟರ್ ವೋಲ್ಟೇಜ್ ಕ್ಷಣಮಾತ್ರ ನೂರು ವೋಲ್ಟ್ ದಾಟಿ ನೆಗೆಯಬಹುದು. ಬಿ.ಸಿ. 547 ತಡೆಯುವುದು 45 ವೋಲ್ಟ್. ಕಾಯಿಲ್‌ಗೆ ಅಡ್ಡಲಾಗಿ ಒಂದು 1ಎನ್ 4007, ಗೆರೆ ಇರುವ ತುದಿ 12 ವೋಲ್ಟ್ ಕಡೆಗೆ. ಆ ಕರೆಂಟ್ ಅದರಲ್ಲೇ ಸುತ್ತಿ ಸುತ್ತಿ ಸುಮ್ಮನಾಗುತ್ತದೆ. ಅದನ್ನು ಹಾಕಿದ ಮೇಲೆ ವರ್ಷಗಟ್ಟಲೆ ಕಾಟ ಇಲ್ಲ.

ನೀರನ್ನು ಗುರುತಿಸುವುದೂ ಟ್ರಾನ್ಸಿಸ್ಟರ್‌ನ ಕೆಲಸವೇ. ಎರಡು ಬಿ.ಸಿ. 547 ತೆಗೆದುಕೊಂಡು ಮೊದಲನೆಯದರ ಎಮಿಟರನ್ನು ಎರಡನೆಯದರ ಬೇಸ್‌ಗೆ ಕೊಟ್ಟರೆ ಗೇನ್‌ಗಳು ಒಂದಕ್ಕೊಂದು ಗುಣಿಸಿಕೊಳ್ಳುತ್ತವೆ. ಡಾರ್ಲಿಂಗ್ಟನ್ ಜೋಡಿ ಅಂತ ಹೆಸರು. ಹಾಲ್‌ನಲ್ಲಿ 9 ವೋಲ್ಟ್ ಬ್ಯಾಟರಿ, ಒಂದು ಎಲ್‌ಇಡಿ, 470 ಓಮ್ ಇಟ್ಟು, ಎರಡು ತಂತಿಯ ತುದಿಗಳನ್ನು ಬಿಟ್ಟಿದ್ದೆ. ನೀರಿನ ಜಾಗದಲ್ಲಿ ಬೆರಳು ಸಾಕು ಅಂತ, ಮುಂದೆ ಕೂತಿದ್ದ ಹುಡುಗಿಗೆ ಎರಡನ್ನೂ ಬೆರಳಲ್ಲಿ ಮುಟ್ಟು ಅಂದೆ. ಎಲ್‌ಇಡಿ ಝಗ್ಗನೆ ಹತ್ತಿತು. ಅವಳ ಬೆರಳಿನ ಮೂಲಕ ಹೋದದ್ದು ಕೆಲವು ಮೈಕ್ರೋಆಂಪ್ ಮಾತ್ರ, ಅವಳಿಗೆ ಏನೂ ಗೊತ್ತಾಗಲಿಲ್ಲ. ಆಮೇಲೆ ನನ್ನ ಎರಡು ಡಯೋಡ್‌ನ ಗಂಟನ್ನು ಅದೇ ಜಾಗಕ್ಕೆ ಹಾಕಿ ಮುಟ್ಟಿಸಿದೆ. ಏನೂ ಇಲ್ಲ. ಟ್ಯಾಂಕ್‌ಗೆ ಇದನ್ನು ಹಾಕುವವರು ತಾಮ್ರದ ತಂತಿ ಬಿಡಬೇಡಿ, ಪ್ಲಸ್ ಕಡೆಯ ತುದಿ ಕೆಲವೇ ತಿಂಗಳಲ್ಲಿ ಹಸಿರುಗಟ್ಟಿ ಸವೆದುಹೋಗುತ್ತದೆ. ಸ್ಟೀಲ್ ಕಡ್ಡಿ ಬಾಳಿಕೆ ಬರುತ್ತದೆ.

ಆಂಪ್ಲಿಫೈಯರ್ ವಿಷಯಕ್ಕೆ ಬಂದರೆ, ಅಲ್ಲಿ ಟ್ರಾನ್ಸಿಸ್ಟರ್ ಅರ್ಧ ತೆರೆದೇ ಇರಬೇಕು. ಸಿಗ್ನಲ್ ಮೇಲೂ ಕೆಳಗೂ ಹೋಗಲು ಜಾಗ ಬೇಕಲ್ಲ. 12 ವೋಲ್ಟ್‌ಗೆ 47 ಕಿಲೋಓಮ್, 10 ಕಿಲೋಓಮ್ ಸಾಲಾಗಿ ಹಾಕಿ, ನಡುವಿನಿಂದ ಬೇಸ್‌ಗೆ ಕೊಟ್ಟರೆ ಅಲ್ಲಿ 2.1 ವೋಲ್ಟ್. ಎಮಿಟರ್ ಅದಕ್ಕಿಂತ 0.7 ಕಮ್ಮಿ, 1.4 ವೋಲ್ಟ್. ಎಮಿಟರ್‌ನಿಂದ ಗ್ರೌಂಡ್‌ಗೆ 1 ಕಿಲೋಓಮ್ ಇದ್ದರೆ 1.4 ಮಿಲಿಆಂಪ್. ಈ ಲೆಕ್ಕದಲ್ಲಿ ಗೇನ್ ಎಲ್ಲಿ ಬಂತು? ಬರಲೇ ಇಲ್ಲ! 110 ಇರಲಿ, 800 ಇರಲಿ, ಕರೆಂಟ್ ಹೆಚ್ಚುಕಮ್ಮಿ 1.4 ಮಿಲಿಆಂಪೇ. ಟ್ರಾನ್ಸಿಸ್ಟರ್ ಬದಲಾಯಿಸಿದರೂ ಸರ್ಕ್ಯೂಟ್ ಬದಲಾಗುವುದಿಲ್ಲ. ನನಗೆ ಗೊತ್ತಿರುವ ಒಳ್ಳೆಯ ಸರ್ಕ್ಯೂಟ್‌ಗಳೆಲ್ಲ ಹೀಗೇ ಇರುತ್ತವೆ. ಕಲೆಕ್ಟರ್‌ನಲ್ಲಿ 3.9 ಕಿಲೋಓಮ್ ಹಾಕಿದರೆ ಅಲ್ಲಿ 5.5 ವೋಲ್ಟ್ ಇಳಿದು ಕಲೆಕ್ಟರ್ 6.5ರಲ್ಲಿ ನಿಲ್ಲುತ್ತದೆ, ನಟ್ಟನಡುವೆ. ಸಿಗ್ನಲ್ ಸುಮಾರು 3.9 ಪಟ್ಟು ಆಗುತ್ತದೆ. ಎಮಿಟರ್ ರೆಸಿಸ್ಟರ್‌ಗೆ ಅಡ್ಡಲಾಗಿ ದೊಡ್ಡ ಕೆಪಾಸಿಟರ್ ಇಟ್ಟರೆ ಸಿಗ್ನಲ್ ಮಟ್ಟಿಗೆ ಆ ರೆಸಿಸ್ಟರ್ ಇಲ್ಲದ ಹಾಗೆ, ಆಗ 200 ಪಟ್ಟು ದಾಟುತ್ತದೆ, ಆದರೆ ದೊಡ್ಡ ಸಿಗ್ನಲ್ ಕೊಟ್ಟರೆ ದನಿ ಒಡೆಯುತ್ತದೆ.

ಈಗ ಎಲ್ಲ ಮಾಸ್ಫೆಟ್ (ಇನ್ನೊಂದು ಬಗೆಯ ಟ್ರಾನ್ಸಿಸ್ಟರ್) ಅಲ್ವಾ, ಇದನ್ನೆಲ್ಲ ಯಾಕೆ ಕಲಿಯಬೇಕು ಅಂತ ಕೊನೆಗೆ ಒಬ್ಬರು ಕೇಳಿದರು. ನಿಜ, ಫೋನಿನ ಪ್ರೊಸೆಸರ್‌ನಲ್ಲಿ ಕೋಟ್ಯಂತರ ಟ್ರಾನ್ಸಿಸ್ಟರ್ ಇರುವುದು ಮಾಸ್ಫೆಟ್‌ಗಳೇ, ಸುಮ್ಮನೆ ಕೂತಾಗ ಬೇಸ್ ಜಾಗದಲ್ಲಿರುವ ಅವುಗಳ ಗೇಟ್ ಅನ್ನುವ ಕಾಲು ಕರೆಂಟ್ ಕೇಳುವುದಿಲ್ಲ. ಆದರೆ ಅಂಥ ಚಿಪ್‌ಗಳ ಒಳಗೂ ಒಂದು ಮೂಲೆಯಲ್ಲಿ ಬೈಪೋಲಾರ್ ಉಳಿದುಕೊಂಡಿದೆ. ಬಿಸಿ ಎಷ್ಟಿದೆ ಅಂತ ಅಳೆಯಲು, ಅಲುಗಾಡದ ಒಂದು ವೋಲ್ಟೇಜ್ ಹುಟ್ಟಿಸಲು ಬೈಪೋಲಾರ್ ರಚನೆಯನ್ನೇ ಬಳಸುವುದು ಇವತ್ತಿಗೂ ರೂಢಿ. ಕಾರಣ, ಅದೇ ಕುಣಿಯುವ ಎಲೆಕ್ಟ್ರಾನ್‌ಗಳು. ಶಾಖ ಒಂದು ಡಿಗ್ರಿ ಏರಿದರೆ ಅವು ಇನ್ನೂ ಜಾಸ್ತಿ ಕುಣಿಯುತ್ತವೆ, ಅಷ್ಟೇ ಕರೆಂಟ್ ಹರಿಯಲು ಬೇಕಾದ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ದೊಡ್ಡ ಆಡಿಯೋ ಆಂಪ್ಲಿಫೈಯರ್‌ನ ಹೀಟ್‌ಸಿಂಕ್‌ಗೆ (ಶಾಖ ಹೊರಹಾಕುವ ಲೋಹದ ತುಂಡು) ಪವರ್ ಟ್ರಾನ್ಸಿಸ್ಟರ್‌ಗಳ ಪಕ್ಕದಲ್ಲಿ ಒಂದು ಚಿಕ್ಕ ಟ್ರಾನ್ಸಿಸ್ಟರ್ ಅಂಟಿಸಿರುತ್ತಾರೆ, ನೋಡಿದ್ದೀರಾ? ಬಿಸಿ ಏರಿದ ಹಾಗೆ ಅದು ದೊಡ್ಡವುಗಳ ಬಯಾಸ್, ಅಂದರೆ ಬೇಸ್‌ಗೆ ಕೊಡುವ ವೋಲ್ಟೇಜ್, ಇಳಿಸುತ್ತದೆ. ಅದಿಲ್ಲದಿದ್ದರೆ ಬಿಸಿಯಾದಷ್ಟು ಕರೆಂಟ್ ಜಾಸ್ತಿ, ಕರೆಂಟ್ ಜಾಸ್ತಿಯಾದಷ್ಟು ಬಿಸಿ, ಕೊನೆಗೆ ಸುಟ್ಟುಹೋಗುವುದೇ.

ಇದನ್ನು ಮಾತ್ರ ಎಲ್ಲರ ಕೈಯಲ್ಲೂ ಮಾಡಿಸಿದೆ. ಬಿ.ಸಿ. 547ರ ಚಪ್ಪಟೆ ಮುಖ ನಿಮ್ಮ ಕಡೆಗೆ, ಕಾಲು ಕೆಳಗೆ ಮಾಡಿ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಮಲ್ಟಿಮೀಟರ್ ಡಯೋಡ್ ರೇಂಜ್‌ನಲ್ಲಿ, ಕೆಂಪು ತಂತಿ ನಡುವಿನ ಕಾಲಿಗೆ, ಕಪ್ಪು ಬಲಗಡೆಯದಕ್ಕೆ, ಎರಡೂ ಕ್ಲಿಪ್ ಹಾಕಿ ಟ್ರಾನ್ಸಿಸ್ಟರ್ ಮುಟ್ಟದೆ ಮೇಜಿನ ಮೇಲೆ ಬಿಟ್ಟೆವು. 0.664 ಅಂತ ನಿಂತಿತು. ಆ ಹಿರಿಯರಲ್ಲಿ ಒಬ್ಬರು ಬಂದು ಕಪ್ಪು ಪ್ಲಾಸ್ಟಿಕ್ಕನ್ನು ಎರಡು ಬೆರಳಿನ ನಡುವೆ ಹಿಡಿದರು. 0.661. 0.658. ಯಾರೂ ಮಾತಾಡಲಿಲ್ಲ. 0.654ಕ್ಕೆ ಬಂದು ನಿಂತಿತು, ಅಂದರೆ ಐದು ಡಿಗ್ರಿ ಆಸುಪಾಸು ಬಿಸಿಯಾಗಿದೆ. ಅವರು ಬೆರಳು ತೆಗೆದರು, ಅಂಕಿ ನಿಧಾನವಾಗಿ ಮತ್ತೆ ಮೇಲೇರತೊಡಗಿತು. ನಲವತ್ತು ವರ್ಷ ಇದನ್ನು ಬೆಸುಗೆ ಹಾಕಿದ್ದೀನಿ, ಹೀಗೆ ಒಂದು ದಿನವೂ ನೋಡಿರಲಿಲ್ಲ ಅಂದರು, ಮತ್ತೆ ಹಿಡಿದರು.